ಮಗಳು ಆಟಾನೇ ಬಿಟ್ಟಿದ್ದಾಳೆ, ಏನು ಮಾಡಲಿ?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದವರು. ಮಗಳಿಗೆ 13 ವರ್ಷ, ಎಂಟನೇ ಕ್ಲಾಸು. ಹೋದ ವರ್ಷದವರೆಗೂ ಕತ್ತಲಾದರೂ ಬೀದಿಯಿಂದ ಒಳಗೆ ಬರುತ್ತಿರಲಿಲ್ಲ. ಈಗ ಸ್ಕೂಲು, ಟ್ಯೂಷನ್, ಮೊಬೈಲ್, ಅಷ್ಟೇ. ಬ್ಯಾಡ್ಮಿಂಟನ್ ಕ್ಲಾಸಿಗೆ ಸೇರಿಸಿದೆವು, ಎರಡೇ ವಾರಕ್ಕೆ ಬಿಟ್ಟಳು. ಬೈದರೆ ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಏನು ಮಾಡಲಿ ಡಾಕ್ಟ್ರೇ?

ಉತ್ತರ (ಮಕ್ಕಳ ವೈದ್ಯರು): ಮೊದಲು ಬೈಯೋದು ನಿಲ್ಲಿಸಿ, ಅಮ್ಮ. ‘ದಪ್ಪ ಆಗ್ತಿದ್ದೀಯ’ ಅನ್ನೋ ಮಾತಂತೂ ಬೇಡವೇ ಬೇಡ. ಅದನ್ನು ಕೇಳಿದ ಮಕ್ಕಳು ಇನ್ನಷ್ಟು ಮುದುಡಿಕೊಳ್ಳುತ್ತಾರೆ.

ಈ ವಯಸ್ಸಿನ ಹುಡುಗಿಯರು ಆಟ ಬಿಟ್ಟರೆ ಅದು ಬರೀ ಸೋಮಾರಿತನ ಅಲ್ಲ. ಮುಟ್ಟು ಶುರುವಾಗಿರುತ್ತದೆ, ಮೈ ಬದಲಾಗುತ್ತಿರುತ್ತದೆ. ಎಲ್ಲರೆದುರು ಓಡಲು ನಾಚಿಕೆ. ಬಟ್ಟೆಗೆ ಕಲೆಯಾದರೆ ಅನ್ನೋ ಭಯ. ಅವಳನ್ನೇ ಕೇಳಿ, ಆದರೆ ಎದುರಿಗೆ ಕೂರಿಸಿಕೊಂಡು ಅಲ್ಲ. ತಲೆ ಬಾಚುವಾಗಲೋ, ಜೊತೆಗೆ ಅವರೆಕಾಯಿ ಸುಲಿಯುವಾಗಲೋ ಕೇಳಿ. ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ, ಕಪ್ಪು ಟ್ರ್ಯಾಕ್ ಪ್ಯಾಂಟ್ ಕೊಡಿಸಿ. ಎಷ್ಟೋ ಮಕ್ಕಳಿಗೆ ಅಷ್ಟರಿಂದಲೇ ಧೈರ್ಯ ಬರುತ್ತದೆ. ಮುಟ್ಟಾದಾಗ ಆಡಬಾರದು ಅಂತೇನೂ ಇಲ್ಲ. ಕೆಲವರಿಗೆ ಆಡಿದರೆ ಹೊಟ್ಟೆನೋವೂ ಕಡಿಮೆಯಾಗುತ್ತದೆ.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಂಡಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲಕ್ಕೆ ಮುಗಿಸಬೇಕಿಲ್ಲ. ಟ್ಯೂಷನ್ನಿಗೆ ಸ್ಕೂಟರಿನಲ್ಲಿ ಬಿಡುವ ಬದಲು ನೀವೂ ಜೊತೆಗೆ ನಡೆಯಿರಿ. ಮಾತಾಡಬಹುದು, ಆದರೆ ಹಾಡಲು ಉಸಿರು ಸಾಲದು, ಅಷ್ಟು ಬಿರುಸಾಗಿರಲಿ. ವಾರಕ್ಕೆ 3 ದಿನವಾದರೂ ಮೂಳೆಗೆ ಕೆಲಸ ಕೊಡುವ ಆಟ ಬೇಕು. ನಮ್ಮ ಕುಂಟೆಬಿಲ್ಲೆಯನ್ನೇ ನೋಡಿ. ಒಂಟಿ ಕಾಲಲ್ಲಿ ನೆಗೆದು ಇಳಿದಾಗ ಇಡೀ ಮೈಭಾರ ಆ ಕಾಲಿನ ಮೇಲೆ ಬೀಳುತ್ತದೆ. ಆ ಪೆಟ್ಟಿಗೇ ಮೂಳೆ ಗಟ್ಟಿಯಾಗೋದು. ಮೂಳೆಯ ಗಟ್ಟಿತನದ ಬಹುಪಾಲು 20 ವರ್ಷದೊಳಗೇ ಕೂಡಿಬರುತ್ತದೆ, ಅದಕ್ಕೇ ನಾನು ಇಷ್ಟು ಒತ್ತಿ ಹೇಳೋದು. ಬೀದೀಲಿ ಆಡಲು ನಾಚಿಕೆಯಾದರೆ ತಾರಸಿಯಲ್ಲಿ ಸ್ಕಿಪ್ಪಿಂಗ್ ಮಾಡಲಿ.

ಮತ್ತೆ ಕ್ಲಾಸಿಗೆ ಸೇರಿಸುವ ಆತುರ ಬೇಡ. ಯಾವ ಆಟ ಅಂತ ಅವಳೇ ಹೇಳಲಿ. ಭಾನುವಾರ ಬೆಳಿಗ್ಗೆ ಅವಳ ಗೆಳತಿಯನ್ನೂ ಕರೆದುಕೊಂಡು ಕಬ್ಬನ್ ಪಾರ್ಕಿಗೆ ಹೋಗಿ. ನಿಮ್ಮಲ್ಲಿಂದ ಒಂದೇ ಮೆಟ್ರೊ. ಮೊಬೈಲ್ ಅಪ್ಪನ ಜೇಬಲ್ಲೂ ಇರದಿದ್ದರೆ ಒಳ್ಳೆಯದು.

ಇನ್ನೊಂದು ಮಾತು. ಮೆಟ್ಟಿಲು ಹತ್ತಿದರೂ ಏದುಸಿರು, ಯಾವಾಗಲೂ ಸುಸ್ತು, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ ಅಂದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಈ ವಯಸ್ಸಿನ ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ತುಂಬಾ ಇದೆ. ಆಡುವಾಗ ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ ಮಾತ್ರ ಕಾಯಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ.