ಮದ್ದೂರಿನ ಪಿನ್‌ಕೋಡ್ ಮತ್ತು ಏಳರ ಭಾಗಾಕಾರ

ಪ್ರಶ್ನೆ: ಮದ್ದೂರಿನಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ. ಪಾರ್ಸೆಲ್ ಮೇಲೆ ದಿನಾ 571428 ಅಂತ ಪಿನ್‌ಕೋಡ್ ಬರೆಯುತ್ತೇನೆ. ಮೊನ್ನೆ ಮಗ 4ನ್ನು 7ರಿಂದ ಭಾಗಿಸುತ್ತಿದ್ದ. ಬಿಂದುವಿನ ಮುಂದೆ ಅದೇ 571428 ಬಂತು, ಮತ್ತೆ ಮತ್ತೆ ಬರುತ್ತಲೇ ಇತ್ತು! ಇದು ಸುಮ್ನೆ ಹೊಂದಿಕೊಂಡಿದ್ದಾ, ಇಲ್ಲಾ ಈ ಸಂಖ್ಯೆಯಲ್ಲೇ ಏನಾದರೂ ಇದೆಯಾ ಸಾರ್?
- ಮದ್ದೂರಿನ ಓದುಗರು

ಉತ್ತರ: ನಿಮ್ಮ ಊರಿಗೆ ಅದು ಸಿಕ್ಕಿದ್ದು ಆಕಸ್ಮಿಕ. 1972ರ ಆಗಸ್ಟ್ 15ರಂದು ಶುರುವಾದ ಪಿನ್‌ಕೋಡ್‌ನಲ್ಲಿ ಮೊದಲ ಅಂಕಿ ವಲಯದ್ದು, ಕೊನೆಯ ಮೂರು ಅಂಚೆ ಕಚೇರಿಯದು. ಭಾಗಾಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಸಿಕ್ಕಿರುವ ಸಂಖ್ಯೆ ಮಾತ್ರ ಬಹಳ ಚೆಂದದ್ದು.

ಮಗನ ಲೆಕ್ಕದ ಹಾಳೆ ತೆಗೆದು ಶೇಷಗಳನ್ನಷ್ಟೇ ನೋಡಿ. 40ರಲ್ಲಿ 7 ಐದು ಸಲ ಹೋಗಿ 5 ಉಳಿಯುತ್ತದೆ. 50ರಲ್ಲಿ ಏಳು ಸಲ ಹೋಗಿ 1. ಹೀಗೇ 3, 2, 6, ಆಮೇಲೆ ಮತ್ತೆ 4. ಹೊರಟ ಜಾಗಕ್ಕೇ ಬಂದೆವು, ಅದಕ್ಕೇ ಅಂಕಿಗಳೂ ಮೊದಲಿಂದ ಶುರುವಾಗುತ್ತವೆ. 7 ಪೂರ್ತಿ ಹೋಗದಿದ್ದಾಗ ಉಳಿಯಬಹುದಾದ್ದು 1ರಿಂದ 6, ಇಲ್ಲಿ ಆ ಆರೂ ಒಂದೊಂದು ಸಲ ಬಂದುಬಿಡುತ್ತವೆ ನೋಡಿ, ಹಾಗಾಗಿ 4ರ ಬದಲು 1ನ್ನೋ 2ನ್ನೋ ಭಾಗಿಸಿದರೂ ಇದೇ ಸುತ್ತು, ಬಸ್ಸು ಹತ್ತುವ ಸ್ಟಾಪ್ ಬೇರೆ ಅಷ್ಟೆ. 1ರಿಂದ ಹೊರಟರೆ 142857. ಅದರ ಎರಡರಷ್ಟು 285714, ಮೂರರಷ್ಟು 428571, ನಾಲ್ಕರಷ್ಟು ನಿಮ್ಮ 571428, ಐದರಷ್ಟು 714285, ಆರರಷ್ಟು 857142. ಏಳರಷ್ಟು ಮಾಡಿದರೆ 999999! ಅದಕ್ಕೇ 142857ನ್ನು ಚಕ್ರೀಯ ಸಂಖ್ಯೆ ಅನ್ನುತ್ತಾರೆ. ಪಿನ್‌ಕೋಡನ್ನು ಮಧ್ಯಕ್ಕೆ ಕತ್ತರಿಸಿ ಕೂಡಿದರೂ 571+428, 999 ಬರುತ್ತದೆ.

ಇನ್ನು ಒಳಗೆ ಬಿಡಿಸಿ ನೋಡೋಣ: 2×2×3×3×3×11×13×37. ಎಲ್ಲ ಸಣ್ಣ ಅವಿಭಾಜ್ಯಗಳು, ಅದಕ್ಕೇ ಇದಕ್ಕೆ ಒಟ್ಟು 96 ಅಪವರ್ತನಗಳಿವೆ. ಮಂಡ್ಯದ 571401 ಇದಕ್ಕಿಂತ 27 ಅಷ್ಟೇ ಕಡಿಮೆ, ಆದರೆ ಅದು 3×3×3×21163. ಆ 21163 ಅವಿಭಾಜ್ಯ, ಮುಂದೆ ಒಡೆಯುವುದಿಲ್ಲ, ಹಾಗಾಗಿ ಅಪವರ್ತನ ಎಂಟೇ. ನಿಮ್ಮದರಲ್ಲಿ ಆ ಸಂಖ್ಯೆಯನ್ನೇ ಬಿಟ್ಟು ಉಳಿದ ಅಪವರ್ತನಗಳನ್ನು ಕೂಡಿದರೆ 12,16,092, ಅಂದರೆ ಎರಡರಷ್ಟಕ್ಕಿಂತ ಜಾಸ್ತಿ! ಹೀಗೆ ಮೊತ್ತ ತನ್ನನ್ನೂ ಮೀರುವಂಥವನ್ನು ಸಮೃದ್ಧ ಸಂಖ್ಯೆ ಅನ್ನಬಹುದು.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇನ್ನೊಂದು. 5+7+1+4+2+8 ಕೂಡಿದರೆ 27, ಮತ್ತೆ 571428 = 27×21164. ತನ್ನ ಅಂಕಿಗಳ ಮೊತ್ತದಿಂದಲೇ ಪೂರ್ತಿ ಭಾಗವಾಗುವ ಇಂಥ ಸಂಖ್ಯೆಗಳಿಗೆ 'ಹರ್ಷದ' ಅಂತ ಹೆಸರಿಟ್ಟವರು ನಾಸಿಕ್ ಹತ್ತಿರದ ದೇವಲಾಲಿಯ ಶಾಲಾ ಮೇಷ್ಟ್ರು ಕಾಪ್ರೇಕರ್. ಹರ್ಷ ಕೊಡುವಂಥದ್ದು ಅಂತ ಅರ್ಥ, ಎಷ್ಟು ಒಳ್ಳೆಯ ಹೆಸರು ಅಲ್ವಾ? ಅವರ ಹೆಸರಿನದೇ ಇನ್ನೊಂದು ಗುಂಪಿದೆ, ಅದರಲ್ಲಿ 142857 ಸೇರುತ್ತದೆ: ಅದರ ವರ್ಗ 20408122449, ಒಡೆದು 20408+122449 ಕೂಡಿದರೆ ಮತ್ತೆ 142857.

ನಿಮ್ಮ ಜಿಲ್ಲೆಯ ಮೇಲುಕೋಟೆಯ 571431 ಕೂಡ ಹರ್ಷದವೇ, 21×27211. ನಮ್ಮ ಮೈಸೂರಿನ 570001 ಅಲ್ಲ, 13ರಿಂದ ಭಾಗಿಸಿದರೆ 3 ಉಳಿದುಬಿಡುತ್ತದೆ.