ಮೈಕಿಲ್ಲದ ದನಿ ಕೊನೆಯ ಸಾಲಿಗೆ ಮುಟ್ಟುವ ಬಗೆ

ಪ್ರಶ್ನೆ: ಮಾನ್ಯರೇ, ಜರ್ಮನಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಪ್ರಾಂತೀಯ ಆರ್ಕೆಸ್ಟ್ರಾವೊಂದರ ಕಛೇರಿ ಕೇಳಿದೆ. ಅತಿಥಿಯಾಗಿ ಬಂದಿದ್ದ ಸೊಪ್ರಾನೊ (ಅತಿ ಎತ್ತರದ ಹೆಣ್ಣುದನಿಯ) ಗಾಯಕಿ ಮೈಕಿಲ್ಲದೆ ಹಾಡಿದರೂ ಕೊನೆಯ ಸಾಲಿನಲ್ಲಿದ್ದ ನನಗೆ ದನಿ ಕೇಳಿಸಿತು. ಆದರೆ ಭಾಷೆ ಬಲ್ಲ ಮಗಳಿಗೂ ಎತ್ತರದ ಸ್ವರಗಳಲ್ಲಿ ಪದಗಳು ತಿಳಿಯಲಿಲ್ಲ. ಕಾರಣವೇನು?
– ಓದುಗರು, ಬ್ರಹ್ಮಪುರ, ಕಲಬುರಗಿ

ಉತ್ತರ: ನಮ್ಮ ಎಸ್.ಎಂ. ಪಂಡಿತ ರಂಗಮಂದಿರದಂಥ ಕಡೆ ಧ್ವನಿವರ್ಧಕದ ಮೂಲಕವೇ ಸಂಗೀತ ಕೇಳಿ ರೂಢಿಯಾದವರಿಗೆ ಈ ಅಚ್ಚರಿ ಸಹಜ. ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಬಹುಮಟ್ಟಿಗೆ ಒಂದೇ.

ಆರ್ಕೆಸ್ಟ್ರಾದ ನಾದಶಕ್ತಿ ಸುಮಾರು 500 ಹರ್ಟ್ಸ್ (ಸೆಕೆಂಡಿಗೆ 500 ಕಂಪನ) ಆಸುಪಾಸಿನಲ್ಲಿ ಹೆಚ್ಚಾಗಿದ್ದು, ಮೇಲೇರಿದಂತೆ ಕುಗ್ಗುತ್ತದೆ. ಸೊಪ್ರಾನೊ ದನಿಯಾದರೋ 1,000 ಹರ್ಟ್ಸ್‌ವರೆಗೂ ಏರಬಲ್ಲುದು, ಅದರ ಉಪಸ್ವರಗಳು (ಮೂಲ ಸ್ವರದ ಜೊತೆಗೇ ಹೊಮ್ಮುವ ಇನ್ನೂ ಎತ್ತರದ ನಾದಗಳು) ನಮ್ಮ ಕಿವಿ ಅತ್ಯಂತ ಸೂಕ್ಷ್ಮವಾಗಿರುವ 2,000ದಿಂದ 4,000 ಹರ್ಟ್ಸ್ ವಲಯವನ್ನು ತಲುಪುತ್ತವೆ. ಇದಕ್ಕಿಂತ ಮುಖ್ಯವಾದುದು ಗಾಯಕಿಯ ಅಭ್ಯಾಸ: ಸ್ವರ ಏರಿದಂತೆ ಆಕೆ ಬಾಯಿಯನ್ನು ಅಗಲಿಸಿ, ಗಂಟಲು ಮತ್ತು ಬಾಯಿಯ ಪೊಳ್ಳಿನ ಅನುರಣನವನ್ನು (ಆ ಪೊಳ್ಳು ತಾನಾಗಿ ಹೆಚ್ಚು ಮೊಳಗಿಸುವ ನಾದವನ್ನು) ಹಾಡುವ ಸ್ವರಕ್ಕೇ ಹೊಂದಿಸಿಕೊಳ್ಳುವುದರಿಂದ ಹೆಚ್ಚು ಶ್ರಮವಿಲ್ಲದೆ ದನಿಯ ಬಲ ಹೆಚ್ಚುತ್ತದೆ.

ಪದಗಳು ಕರಗುವುದೂ ಇದರಿಂದಲೇ. ‘ಇ’, ‘ಉ’ಗಳ ಗುರುತಾದ ಕೆಳಗಿನ ಅನುರಣನ ಸುಮಾರು 300 ಹರ್ಟ್ಸ್‌ನಷ್ಟಿದ್ದು, ಹಾಡುವ ಸ್ವರವೇ ಅದನ್ನು ದಾಟಿ ಬಹಳ ಮೇಲೆ ಹೋದಾಗ ಎಲ್ಲ ಸ್ವರಾಕ್ಷರಗಳೂ ‘ಆ’ಕಾರದಂತೆ ಕೇಳಿಸುತ್ತವೆ. ಅದು ಗಾಯಕಿಯ ಉಚ್ಚಾರದೋಷವಲ್ಲ. ಮುಂದಿನ ಬಾರಿ ಸಾಹಿತ್ಯ ಮುದ್ರಿತವಾದ ಕಾರ್ಯಕ್ರಮ ಪುಸ್ತಿಕೆ ಸಿಕ್ಕರೆ ಮೊದಲೇ ಓದಿಕೊಳ್ಳಿ.