ಹಸುಗೂಸಿನ ಕಣ್ಣಿನ ಪೊರೆ ತೆಗೆಸಲು ಮಗು ದೊಡ್ಡದಾಗುವವರೆಗೆ ಕಾಯಬಹುದೇ?

ಕಾಯಬಾರದು. ಹುಟ್ಟಿನಿಂದಲೇ ಇರುವ ಪೊರೆ ನೋಟಕ್ಕೆ ಅಡ್ಡವಾಗುವಷ್ಟು ದಟ್ಟವಾಗಿದ್ದರೆ, ಅದು ಒಂದೇ ಕಣ್ಣಿನಲ್ಲಿದ್ದಾಗ ಹುಟ್ಟಿದ ಸುಮಾರು 6 ವಾರಗಳೊಳಗೆ, ಎರಡರಲ್ಲೂ ಇದ್ದಾಗ ಸುಮಾರು 8 ವಾರಗಳೊಳಗೆ ಶಸ್ತ್ರಚಿಕಿತ್ಸೆಯಾಗುವುದು ಒಳ್ಳೆಯದು.

ಅಜ್ಜನ ಪೊರೆಯನ್ನು ತಡವಾಗಿ ತೆಗೆದರೂ ಸಾಮಾನ್ಯವಾಗಿ ನೋಟ ಮರಳುತ್ತದೆ, ಏಕೆಂದರೆ ಅವರ ಮಿದುಳು ನೋಡುವುದನ್ನು ಬಾಲ್ಯದಲ್ಲೇ ಕಲಿತಿದೆ. ಹಸುಗೂಸಿನ ಮಿದುಳಾದರೋ ಕಣ್ಣಿನಿಂದ ಬರುವ ಸ್ಪಷ್ಟ ಬಿಂಬಗಳಿಂದಲೇ ಅದನ್ನು ಕಲಿಯಬೇಕಾಗಿದ್ದು, ಮೊದಲ ತಿಂಗಳುಗಳಲ್ಲಿ ಆ ಬಿಂಬಗಳು ಸಿಗದಿದ್ದರೆ, ಮುಂದೆ ಪೊರೆ ತೆಗೆದು ಕಣ್ಣು ತಿಳಿಯಾದರೂ ಮಿದುಳು ಅದನ್ನು ಪೂರ್ತಿಯಾಗಿ ಬಳಸಿಕೊಳ್ಳಲಾರದು. ಈ ಸ್ಥಿತಿಯನ್ನೇ ಆಂಬ್ಲಿಯೋಪಿಯಾ, ಅಂದರೆ ಸೋಮಾರಿ ಕಣ್ಣು ಎನ್ನುತ್ತಾರೆ.

ಶಸ್ತ್ರಚಿಕಿತ್ಸೆಯ ಅನಂತರವೂ ಮಕ್ಕಳ ನೇತ್ರತಜ್ಞರು ವರ್ಷಗಟ್ಟಲೆ ಕನ್ನಡಕದ ಪವರ್ ಬದಲಿಸುತ್ತಾರೆ, ಕಣ್ಣಿನ ಒತ್ತಡ ಅಳೆಯುತ್ತಾರೆ, ಮತ್ತು ದುರ್ಬಲ ಕಣ್ಣು ದುಡಿಯಲೆಂದು ಚೆನ್ನಾಗಿರುವ ಕಣ್ಣನ್ನು ದಿನದಲ್ಲಿ ಕೆಲವು ಗಂಟೆ ಪಟ್ಟಿಯಿಂದ ಮುಚ್ಚಿಸುತ್ತಾರೆ. ಮಗು ಅಳುತ್ತದೆಂದು ಮನೆಯವರು ಪಟ್ಟಿ ಬಿಟ್ಟುಬಿಟ್ಟರೆ ಶಸ್ತ್ರಚಿಕಿತ್ಸೆಯ ಫಲವೇ ಕೈತಪ್ಪಬಹುದು, ದಯವಿಟ್ಟು ಬಿಡಬೇಡಿ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಪಾಪೆಯ ನಡುವೆ ಬಿಳುಪು ಕಂಡ ಕೂಡಲೇ ಜಿಲ್ಲಾ ಆಸ್ಪತ್ರೆಯ ನೇತ್ರ ವಿಭಾಗಕ್ಕಾಗಲಿ, ಬೆಂಗಳೂರಿನ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆಗಾಗಲಿ ಹೋಗಬೇಕು. ಆ ಬಿಳುಪು ಅಪರೂಪಕ್ಕೆ ಕಣ್ಣಿನ ಕ್ಯಾನ್ಸರ್‌ನ ಲಕ್ಷಣವೂ ಆಗಿರುತ್ತದೆ.